ದುಬಾರಿ ಕ್ಯಾಮೆರಾ ಬೀಳದಂತೆ, ಹಾಳಾಗದಂತೆ ಕೂರಿಸುವುದು ಹೇಗೆ? ಸ್ಕ್ರೂನಿಂದ ಇನ್ಶೂರೆನ್ಸ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಟ್ರೈಪಾಡ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು, "ಇದು ಎಷ್ಟು ಕೆ.ಜಿ. ತಡೆಯುತ್ತೆ?" ಅಂತ. ಡಬ್ಬದ ಮೇಲೆ ಹತ್ತು ಕೆ.ಜಿ. ಅಂತ ಇದ್ದರೆ ಎಲ್ಲರಿಗೂ ಸಮಾಧಾನ. ಆದರೆ ಕ್ಯಾಮೆರಾ ಬಿದ್ದ ಜಾಗಕ್ಕೆ ಹೋಗಿ ನೋಡಿ, ಟ್ರೈಪಾಡ್ ಕಾಲು ಮುರಿದಿರುವುದು ಅಪರೂಪ. ಕ್ಯಾಮೆರಾ ಬುಡಕ್ಕೆ ಸ್ಕ್ರೂ ಹಾಕಿ ಟ್ರೈಪಾಡ್‌ಗೆ ಸಿಕ್ಕಿಸುವ ಪ್ಲೇಟ್ ಸರಿಯಾಗಿ ಕೂತಿರುವುದಿಲ್ಲ, ಅದರ ಸ್ಕ್ರೂ ಅರ್ಧ ಸುತ್ತು ಸಡಿಲ ಆಗಿರುತ್ತದೆ, ಇಲ್ಲವೇ ನೇತಾಡುತ್ತಿದ್ದ ಎಚ್‌ಡಿಎಂಐ ಕೇಬಲ್‌ಗೆ ಯಾರದೋ ಕಾಲು ಸಿಕ್ಕಿರುತ್ತದೆ.

ಕ್ಯಾಮೆರಾದಿಂದ ನೆಲದವರೆಗೆ ಐದಾರು ಜೋಡಣೆ ಇರುತ್ತವೆ. ಅವುಗಳಲ್ಲಿ ತೀರಾ ದುರ್ಬಲವಾದದ್ದು ಎಷ್ಟು ತಡೆಯುತ್ತದೋ ನಿಮ್ಮ ಸೆಟಪ್ ತಡೆಯುವುದೂ ಅಷ್ಟೇ. ಹಾಗಾಗಿ ಈ ಬರಹ ಸ್ಕ್ರೂನಿಂದ ಶುರುವಾಗಿ ನೆಲದ ಕಡೆಗೆ ಇಳಿಯುತ್ತದೆ. ಮಳೆ, ಧೂಳು, ಕಳ್ಳತನ ಆಮೇಲೆ.

1. ಮೊದಲು ತೂಗಿ

ಕ್ಯಾಮೆರಾದ ತೂಕ ಅಂದರೆ ಬರೀ ಬಾಡಿಯ ತೂಕ ಅಲ್ಲ. ಸೋನಿ ಎಫ್‌ಎಕ್ಸ್6 ಬಾಡಿ ಸುಮಾರು 890 ಗ್ರಾಂ ಅಷ್ಟೇ. ಅದಕ್ಕೆ ಒಂದು ಕೆ.ಜಿ. ದಾಟುವ 70-200 ಲೆನ್ಸ್, ವಿ-ಮೌಂಟ್ ಬ್ಯಾಟರಿ (ಹಿಂದೆ ಸಿಕ್ಕಿಸುವ ದೊಡ್ಡ ಬ್ಯಾಟರಿ), ಕೇಜ್ (ಬಾಡಿಯ ಸುತ್ತ ಹಾಕುವ ಲೋಹದ ಚೌಕಟ್ಟು), ಮಾನಿಟರ್, ಮೈಕ್, ವೈರ್‌ಲೆಸ್ ಟ್ರಾನ್ಸ್‌ಮಿಟರ್ ಸೇರಿಸಿ. ನಾಲ್ಕು ಕೆ.ಜಿ. ಗೊತ್ತಾಗದ ಹಾಗೆ ದಾಟಿರುತ್ತದೆ. ವಿಮಾನಕ್ಕೆ ಬ್ಯಾಗ್ ತೂಗುವ ಕೊಕ್ಕೆ ತಕ್ಕಡಿ ಇರುತ್ತದಲ್ಲ, ಅದರಲ್ಲಿ ಇಡೀ ಸೆಟಪ್ಪನ್ನು ಒಮ್ಮೆ ತೂಗಿ, ಅಂಕಿಯನ್ನು ಬ್ಯಾಗಿನ ಒಳಗೆ ಬರೆದಿಡಿ.

ಈಗ ಟ್ರೈಪಾಡ್ ಮತ್ತು ಹೆಡ್ (ಕಾಲುಗಳ ಮೇಲೆ ಕೂತು ಕ್ಯಾಮೆರಾ ತಿರುಗಿಸುವ ಭಾಗ) ಮೇಲಿನ ಅಂಕಿಗಳನ್ನು ನೋಡಿ. ಎರಡರಲ್ಲಿ ಕಡಿಮೆ ಇರುವುದನ್ನು ಹಿಡಿಯಿರಿ, ಅದನ್ನೂ ಅರ್ಧ ಮಾಡಿ. ಯಾಕೆಂದರೆ ಆ ಅಂಕಿ ನಡುಮಧ್ಯ ಸುಮ್ಮನೆ ಕೂತಿರುವ ಭಾರಕ್ಕೆ ಸಂಬಂಧಿಸಿದ್ದು. ನಿಮ್ಮ ಲೆನ್ಸ್ ಮುಂದಕ್ಕೆ ಚಾಚಿಕೊಂಡಿರುತ್ತದೆ. ಅದೇ ಒಂದು ಕೆ.ಜಿ. ಹೆಡ್‌ನಿಂದ 15 ಸೆಂ.ಮೀ. ದೂರ ಇರುವುದಕ್ಕೂ 30 ಸೆಂ.ಮೀ. ದೂರ ಇರುವುದಕ್ಕೂ ಜೋಡಣೆಯ ಮೇಲೆ ಬೀಳುವ ತಿರುಚು ಎರಡು ಪಟ್ಟು ವ್ಯತ್ಯಾಸ.

2. ಸ್ಕ್ರೂ ಮತ್ತು ಪ್ಲೇಟ್: ಇಲ್ಲಿ ಅವಸರ ಬೇಡ

ಕ್ಯಾಮೆರಾ ಬುಡದಲ್ಲಿರುವುದು ಕಾಲು ಇಂಚಿನ ತೂತು, ಇಂಚಿಗೆ 20 ಮರೆ (ಸ್ಕ್ರೂ ಮೈಮೇಲಿನ ಸುತ್ತುಗೆರೆ). ದೊಡ್ಡ ಕ್ಯಾಮೆರಾ ಮತ್ತು ಹೆಡ್‌ಗಳಲ್ಲಿ 3/8 ಇಂಚಿನದು, ಇಂಚಿಗೆ 16 ಮರೆ. ಲಕ್ಷಗಟ್ಟಲೆ ಬೆಲೆಯ ವಸ್ತು ನಿಂತಿರುವುದು ಇಷ್ಟು ಚಿಕ್ಕ ಸ್ಕ್ರೂ ಮೇಲೆ.

ಸ್ಕ್ರೂ ಉದ್ದ ನೋಡಿಕೊಳ್ಳಿ. ಸೋನಿ ತನ್ನ ಕ್ಯಾಮೆರಾಗಳ ಕೈಪಿಡಿಯಲ್ಲಿ 5.5 ಮಿ.ಮೀ.ಗಿಂತ ಕಡಿಮೆ ಉದ್ದದ ಸ್ಕ್ರೂ ಬಳಸಿ ಎಂದು ಹೇಳುತ್ತದೆ. ಜಾಸ್ತಿ ಉದ್ದ ಇದ್ದರೆ ತುದಿ ಒಳಗೆ ತಗುಲಿ ನಿಲ್ಲುತ್ತದೆ. ಕೈಗೆ ಬಿಗಿ ಅನ್ನಿಸಿದರೂ ಪ್ಲೇಟ್ ಬಾಡಿಗೆ ಒತ್ತಿರುವುದಿಲ್ಲ. ಇನ್ನೂ ತಿರುಗಿಸಿದರೆ ಕ್ಯಾಮೆರಾ ಬುಡವೇ ಹಾಳು. ಬೇರೆ ಪ್ಲೇಟ್‌ನ ಸ್ಕ್ರೂ ತಂದು ಇದಕ್ಕೆ ಹಾಕುವ ಅಭ್ಯಾಸ ಇರುವವರು ಇದನ್ನು ಗಮನಿಸಬೇಕು.

ಪ್ಲೇಟ್ ಹಾಕುವ ಕ್ರಮ ಹೀಗಿರಲಿ. ಪ್ಲೇಟ್‌ನ ರಬ್ಬರ್ ಮತ್ತು ಕ್ಯಾಮೆರಾ ಬುಡ ಎರಡನ್ನೂ ಒಣಬಟ್ಟೆಯಲ್ಲಿ ಒರೆಸಿ. ಒಂದು ಮರಳಿನ ಕಣ ನಡುವೆ ಸಿಕ್ಕರೂ ಪ್ಲೇಟ್ ಸಮವಾಗಿ ಕೂರುವುದಿಲ್ಲ. ಸ್ಕ್ರೂವನ್ನು ಮೊದಲು ಬೆರಳಲ್ಲೇ ತಿರುಗಿಸಿ. ಎರಡು ಮೂರು ಸುತ್ತು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಮರೆ ಅಡ್ಡ ಹತ್ತಿದೆ ಅಂತ ಅರ್ಥ, ಬಿಚ್ಚಿ ಮತ್ತೆ ಹಾಕಿ. ಕೊನೆಯ ಕಾಲು ಸುತ್ತಿಗೆ ಮಾತ್ರ ನಾಣ್ಯ ಅಥವಾ ಅಲೆನ್ ಕೀ. ಕಟಿಂಗ್ ಪ್ಲೇಯರ್ ಹತ್ತಿರವೂ ತರಬೇಡಿ.

ಒಂದೇ ಸ್ಕ್ರೂ ಇದ್ದರೆ ಕ್ಯಾಮೆರಾ ಅದರ ಸುತ್ತ ತಿರುಗುತ್ತದೆ. ಲೆನ್ಸ್ ಭಾರವಾದಷ್ಟೂ, ಫೋಕಸ್ ರಿಂಗ್ ತಿರುಗಿಸಿದಷ್ಟೂ ಅದು ಚೂರು ಚೂರೇ ಸಡಿಲ ಆಗುತ್ತದೆ. ಇದಕ್ಕೆ ಮದ್ದು ನಿಮ್ಮ ಮಾಡೆಲ್‌ಗೆ ಅಂತಲೇ ಮಾಡಿದ ಕೇಜ್ ಅಥವಾ ಎಲ್-ಬ್ರಾಕೆಟ್ (ಬುಡ ಮತ್ತು ಒಂದು ಬದಿಯನ್ನು ಹಿಡಿಯುವ ಎಲ್ ಆಕಾರದ ಪ್ಲೇಟ್). ಅವು ಬಾಡಿಯ ಅಂಚನ್ನು ತಬ್ಬಿ ಹಿಡಿಯುವುದರಿಂದ ತಿರುಗಲು ಜಾಗ ಇರುವುದಿಲ್ಲ. ಕೇಜ್‌ಗೆ ಎರಡು ಸ್ಕ್ರೂ ಹಾಕಿ ಪ್ಲೇಟ್ ಕೂರಿಸಬಹುದು. ರೀಲ್ಸ್‌ಗಾಗಿ ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸುವ ಕೆಲಸ ಈಗ ಜಾಸ್ತಿ, ಅವರಿಗಂತೂ ಎಲ್-ಬ್ರಾಕೆಟ್ ಬೇಕೇ ಬೇಕು.

ಇನ್ನೊಂದು ಉಪಾಯ. ಸ್ಕ್ರೂ ಬಿಗಿ ಮಾಡಿದ ಮೇಲೆ ಅದರ ತಲೆಯಿಂದ ಪ್ಲೇಟ್‌ವರೆಗೆ ನೈಲ್ ಪಾಲಿಶ್‌ನಲ್ಲಿ ಒಂದು ಸಣ್ಣ ಗೆರೆ ಎಳೆಯಿರಿ. ಸ್ಕ್ರೂ ಒಂದು ಕೂದಲೆಳೆ ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಕ್ಯಾಮೆರಾ ಎತ್ತಿಕೊಳ್ಳುವಾಗ ಕಣ್ಣು ಹಾಯಿಸಿದರೆ ಸಾಕು, ಮುಟ್ಟಿ ನೋಡಬೇಕಾಗಿಲ್ಲ. ಗಾಢ ಕೆಂಪು ಬಣ್ಣ ಕಪ್ಪು ಪ್ಲೇಟ್ ಮೇಲೆ ಕತ್ತಲಲ್ಲಿ ಕಾಣುವುದಿಲ್ಲ. ಬಿಳಿಯದೋ ತಿಳಿಗುಲಾಬಿಯದೋ ತೆಗೆದುಕೊಳ್ಳಿ.

ಕೇಜ್, ಹ್ಯಾಂಡಲ್, ರಾಡ್‌ಗಳ ಸ್ಕ್ರೂಗೆ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲ ಆಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕಬಹುದು, ಬೇಕಾದಾಗ ಬಿಚ್ಚಲು ಬರುತ್ತದೆ. ಕೆಂಪು ಬಣ್ಣದ್ದು ಬಿಚ್ಚಲಿಕ್ಕೇ ಅಲ್ಲ, ಬೇಡ. ಕ್ಯಾಮೆರಾ ಬಾಡಿಯ ಒಳಗೆ ಹೋಗುವ ಸ್ಕ್ರೂಗೆ ಎರಡೂ ಬೇಡ.

ಆರ್ಕಾ ಮಾದರಿಯ (ಎರಡೂ ಅಂಚು ಓರೆಯಾಗಿರುವ) ಪ್ಲೇಟ್‌ಗಳು ಸುಮಾರು 38 ಮಿ.ಮೀ. ಅಗಲ ಅಂತ ಹೆಸರಿಗೆ ಒಂದೇ. ಕಂಪನಿಯಿಂದ ಕಂಪನಿಗೆ ಚೂರು ವ್ಯತ್ಯಾಸ ಇದ್ದೇ ಇರುತ್ತದೆ. ಪ್ಲೇಟನ್ನು ಹೆಡ್ ಮೇಲೆ ಕಚ್ಚಿ ಹಿಡಿಯುವ ಕ್ಲ್ಯಾಂಪ್‌ಗೆ ತಿರುಪು ಇದ್ದರೆ ಅದು ಆ ವ್ಯತ್ಯಾಸಕ್ಕೆ ಹೊಂದಿಕೊಳ್ಳುತ್ತದೆ. ಟಕ್ ಅಂತ ಮುಚ್ಚುವ ಲಿವರ್ ಕ್ಲ್ಯಾಂಪ್ ಕೆಲವೊಮ್ಮೆ ಮುಚ್ಚಿದಂತೆ ಕಂಡರೂ ಹಿಡಿದಿರುವುದಿಲ್ಲ. ಪ್ಲೇಟ್‌ನ ಎರಡೂ ತುದಿಗೆ ಬರುವ ಪುಟ್ಟ ಸ್ಟಾಪ್ ಸ್ಕ್ರೂಗಳನ್ನು ಅಡ್ಡಿ ಅಂತ ಬಿಚ್ಚಿ ಎಸೆಯುವವರಿದ್ದಾರೆ. ಕ್ಲ್ಯಾಂಪ್ ಸಡಿಲವಾದರೂ ಕ್ಯಾಮೆರಾ ಜಾರಿ ಹೊರಗೆ ಬರದಂತೆ ತಡೆಯುವುದು ಅವೇ.

ಲಾಕ್ ಸದ್ದು ಕೇಳಿತು ಅಂತ ಕೈ ಬಿಡಬೇಡಿ. ಎಡಗೈ ಕ್ಯಾಮೆರಾದ ಕೆಳಗೇ ಇರಲಿ. ಬಲಗೈಯಲ್ಲಿ ಕ್ಯಾಮೆರಾವನ್ನು ಮೇಲಕ್ಕೆ, ಹಿಂದಕ್ಕೆ, ಮುಂದಕ್ಕೆ ಎಳೆದು ನೋಡಿ. ಜೊತೆಗೆ ಟ್ರೈಪಾಡ್ ಕೂಡ ಅಲುಗಿದರೆ ಸರಿಯಾಗಿ ಕೂತಿದೆ. ಆಮೇಲೆ ಕೈ ತೆಗೆಯಿರಿ.

ಉದ್ದ ಲೆನ್ಸ್ ಇದ್ದರೆ ಪ್ಲೇಟ್ ಹಾಕಬೇಕಾದ್ದು ಲೆನ್ಸ್‌ನ ಕಾಲರ್ (ಲೆನ್ಸ್ ಸುತ್ತ ಹಿಡಿಯುವ ಬಳೆ) ಕೆಳಗಿರುವ ಕಾಲಿಗೆ, ಬಾಡಿಗಲ್ಲ. ಸೋನಿಯ 600 ಎಂ.ಎಂ. ಎಫ್4 ಲೆನ್ಸ್ ಒಂದೇ ಮೂರು ಕೆ.ಜಿ. ಬಾಡಿಯಿಂದ ಅದನ್ನು ನೇತುಹಾಕಿದರೆ ಭಾರವೆಲ್ಲ ಲೆನ್ಸ್ ಮೌಂಟ್ (ಬಾಡಿಗೆ ಲೆನ್ಸ್ ಸೇರುವ ಜಾಗ) ಮೇಲೆ ಬೀಳುತ್ತದೆ. ಲೆನ್ಸ್ ಕಾಲರ್‌ನ ತಿರುಪನ್ನೂ ದಿನಾ ಒಮ್ಮೆ ಮುಟ್ಟಿ ನೋಡಿ.

3. ಕಾಲುಗಳು ಮತ್ತು ನೆಲ

ಒಂದು ಕಾಲು ಲೆನ್ಸ್ ನೋಡುವ ದಿಕ್ಕಿಗೆ ಇರಲಿ. ಭಾರ ಮುಂದೆ ಇರುವುದರಿಂದ ಆಸರೆಯೂ ಮುಂದೆ ಬೇಕು. ಇಳಿಜಾರಿನಲ್ಲಿ ಎರಡು ಕಾಲು ತಗ್ಗಿನ ಕಡೆಗೆ, ಒಂದು ಕಾಲು ದಿಬ್ಬದ ಕಡೆಗೆ. ಎತ್ತರ ಬೇಕಾದರೆ ಮೇಲಿನ ದಪ್ಪ ಕಾಲಿನ ಭಾಗ ಮೊದಲು ಎಳೆಯಿರಿ. ಮಧ್ಯದ ಕಂಬ ಎತ್ತುವುದು ಬೇರೆ ದಾರಿಯೇ ಇಲ್ಲದಾಗ.

ಟ್ರೈಪಾಡ್ ಕೊಕ್ಕೆಗೆ ಬ್ಯಾಗ್ ತೂಗುಹಾಕುವುದು ಒಳ್ಳೆಯದೇ. ಆದರೆ ಬ್ಯಾಗಿನ ತಳ ನೆಲಕ್ಕೆ ತಾಕುವಷ್ಟು ಕೆಳಗಿರಲಿ. ಗಾಳಿಗೆ ತೂಗಾಡಿದರೆ ಅದೇ ಟ್ರೈಪಾಡನ್ನು ಅಲುಗಿಸುತ್ತದೆ. ಮರಳು ಚೀಲ ಇದ್ದರೆ ಕಾಲುಗಳ ಬುಡದಲ್ಲಿ ಇಡಿ.

ವಿಡಿಯೋ ಹೆಡ್ ಬಳಸುವವರು ಕೌಂಟರ್‌ಬ್ಯಾಲೆನ್ಸ್ (ಕ್ಯಾಮೆರಾ ಭಾರಕ್ಕೆ ಎದುರಾಗಿ ತಡೆಯುವ ಸ್ಪ್ರಿಂಗ್) ಸರಿ ಮಾಡಿಕೊಳ್ಳಲೇಬೇಕು. ಲಾಕ್ ಬಿಟ್ಟು ಕ್ಯಾಮೆರಾವನ್ನು ಸ್ವಲ್ಪ ಬಗ್ಗಿಸಿ, ಕೈಯನ್ನು ಹತ್ತಿರವೇ ಇಟ್ಟುಕೊಂಡು ಹಿಡಿತ ಸಡಿಲಿಸಿ. ಬಗ್ಗಿಸಿದಲ್ಲೇ ನಿಲ್ಲಬೇಕು. ಮುಂದಕ್ಕೆ ಬಾಗುತ್ತಾ ಹೋದರೆ ಪ್ಲೇಟನ್ನು ಹಿಂದೆ ಸರಿಸಿ ಅಥವಾ ಸ್ಪ್ರಿಂಗ್ ಹೆಚ್ಚಿಸಿ. ಅಷ್ಟಾದರೂ ಕ್ಯಾಮೆರಾ ಬಿಟ್ಟು ಹೋಗುವಾಗ ಅಡ್ಡ ತಿರುಗದಂತೆ, ಮೇಲೆ ಕೆಳಗೆ ಬಾಗದಂತೆ ಎರಡೂ ಲಾಕ್ ಹಾಕಿ. "ಒಂದು ಗುಟುಕು ಕಾಫಿ ಕುಡಿದು ಬರ್ತೀನಿ" ಅಂತ ಹೋಗುವಾಗಲೂ.

ಮದುವೆ ಮಂಟಪದ ವಿಷಯವೇ ಬೇರೆ. ನುಣ್ಣನೆ ಗ್ರಾನೈಟ್ ನೆಲ, ಅದರ ಮೇಲೆ ನೀರು, ಹೂವಿನ ಎಸಳು, ಮಡಚಿಕೊಂಡ ಕಾರ್ಪೆಟ್. ಕಾಲುಗಳನ್ನು ಹಿಡಿದಿಡುವ ಸ್ಪ್ರೆಡರ್ ಇಲ್ಲದೆ ಇಲ್ಲಿ ನಿಲ್ಲಿಸಬೇಡಿ. ಮುಹೂರ್ತದ ಹೊತ್ತಿಗೆ ಏನಾಗುತ್ತದೆ ಗೊತ್ತಲ್ಲ? ಗಟ್ಟಿಮೇಳ ಶುರುವಾದ ಕೂಡಲೇ ಕೂತವರೆಲ್ಲ ಎದ್ದು, ಒಂದು ಕೈಯಲ್ಲಿ ಅಕ್ಷತೆ, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಮುಂದೆ ನುಗ್ಗುತ್ತಾರೆ. ಯಾರೂ ನೆಲ ನೋಡುವುದಿಲ್ಲ. ಆ ಹತ್ತು ನಿಮಿಷ ಮುಖ್ಯ ಕ್ಯಾಮೆರಾಗೆ ಒಬ್ಬ ಆಳು ಅಂತಲೇ ಇರಬೇಕು. ಅವನ ಕೈ ಹೆಡ್ ತಿರುಗಿಸುವ ಪ್ಯಾನ್ ಹ್ಯಾಂಡಲ್ ಬಿಡಬಾರದು. ಕೇಬಲ್ ಇದ್ದರೆ ಕ್ಯಾಮೆರಾದ ಹತ್ತಿರ ಒಂದು ಸಡಿಲ ಸುರುಳಿ ಬಿಟ್ಟು ಕೇಜ್‌ಗೆ ಕಟ್ಟಿ, ಟ್ರೈಪಾಡ್ ಕಾಲಿನ ಗುಂಟ ಇಳಿಸಿ, ನೆಲದ ಮೇಲೆ ಗ್ಯಾಫರ್ ಟೇಪ್ (ಅಂಟು ಉಳಿಸದ ಬಟ್ಟೆ ಟೇಪ್) ಹಾಕಿ. ಎಳೆತ ಬಂದರೆ ಅದು ಟ್ರೈಪಾಡ್ ಬುಡಕ್ಕೆ ಬೀಳಬೇಕು, ಕ್ಯಾಮೆರಾದ ಪೋರ್ಟ್‌ಗೆ ಅಲ್ಲ.

4. ಜನರ ತಲೆಗಿಂತ ಮೇಲೆ ಕಟ್ಟುವ ಕ್ಯಾಮೆರಾ: ಎರಡು ಹಿಡಿತ ಇಲ್ಲದೆ ಬೇಡ

ಮಂಟಪದ ಮೇಲಿಂದ ಧಾರೆ ಶಾಟ್, ಟ್ರಸ್‌ನಿಂದ (ಲೈಟ್ ತೂಗುಹಾಕುವ ಲೋಹದ ಚೌಕಟ್ಟು) ವೇದಿಕೆಯ ಶಾಟ್ ಎಲ್ಲ ಈಗ ಮಾಮೂಲು. ಇಲ್ಲಿ ತಪ್ಪಾದರೆ ಹೋಗುವುದು ಕ್ಯಾಮೆರಾ ಮಾತ್ರ ಅಲ್ಲ, ಕೆಳಗೆ ಜನ ಕೂತಿರುತ್ತಾರೆ. ಅದಕ್ಕೇ ಈ ಭಾಗ ಉದ್ದ.

ಯಾವುದಕ್ಕೆ ಕಟ್ಟುತ್ತಿದ್ದೀರಿ ಅಂತ ಮೊದಲು ನೋಡಿ. ಸ್ಕ್ಯಾಫೋಲ್ಡಿಂಗ್ ಪೈಪ್‌ನ ಹೊರ ಅಳತೆ ಸಾಮಾನ್ಯವಾಗಿ 48 ಮಿ.ಮೀ. ಮ್ಯಾನ್‌ಫ್ರೊಟ್ಟೊ ಸೂಪರ್ ಕ್ಲ್ಯಾಂಪ್ 13ರಿಂದ 55 ಮಿ.ಮೀ. ದಪ್ಪದವರೆಗೆ ಹಿಡಿಯುತ್ತದೆ, 15 ಕೆ.ಜಿ. ಹೊರುತ್ತದೆ. ಅಂದರೆ ಎರಡಕ್ಕೂ ಜೋಡಿ ಸರಿ. ಆದರೆ ಪೆಂಡಾಲ್‌ನ ಬಿದಿರಿಗೆ ಕ್ಲ್ಯಾಂಪ್ ಹಾಕಬೇಡಿ. ಬಿದಿರು ಒಳಗೆ ಟೊಳ್ಳು, ಬಿಗಿ ಮಾಡಿದರೆ ಸೀಳುತ್ತದೆ, ಸಡಿಲ ಬಿಟ್ಟರೆ ಜಾರುತ್ತದೆ. ಹೂವಿನ ಅಲಂಕಾರಕ್ಕೆ ನಿಲ್ಲಿಸಿದ ತೆಳು ಚೌಕಟ್ಟೂ ಬೇಡ. ಅದು ಹೂವು ಹೊರಲು ಮಾಡಿದ್ದು. ಟ್ರಸ್ ಆದರೆ ಅದನ್ನು ನಿಲ್ಲಿಸಿದವರನ್ನು ಕೇಳಿಯೇ ಕಟ್ಟಿ. ಅದು ಎಷ್ಟು ಹೊರುತ್ತದೆ, ಈಗಾಗಲೇ ಎಷ್ಟು ಲೈಟ್ ತೂಗುತ್ತಿದೆ ಎನ್ನುವುದು ಗೊತ್ತಿರುವುದು ಅವರಿಗೆ ಮಾತ್ರ.

ಎರಡನೆಯ ಹಿಡಿತ ಅಂದರೆ ಸೇಫ್ಟಿ ವೈರ್. ಲೈಟ್‌ಗಳಿಗೆ ಹಾಕುವ ಉಕ್ಕಿನ ಹಗ್ಗ, ತುದಿಯಲ್ಲಿ ಲಾಕ್ ಆಗುವ ಕೊಕ್ಕೆ. ಅದರ ಒಂದು ತುದಿ ಕ್ಯಾಮೆರಾದ ಕೇಜ್‌ಗೆ, ಇನ್ನೊಂದು ತುದಿ ಪೈಪ್‌ಗೆ ನೇರ. ಹಲವರು ಅದನ್ನು ಅದೇ ಕ್ಲ್ಯಾಂಪ್‌ಗೋ ಪ್ಲೇಟ್‌ಗೋ ಕಟ್ಟುತ್ತಾರೆ. ಕ್ಲ್ಯಾಂಪ್ ಬಿಟ್ಟುಕೊಂಡರೆ ವೈರೂ ಅದರ ಜೊತೆಗೇ ಬೀಳುತ್ತದೆ, ಅಲ್ವಾ? ಮೊದಲ ಹಿಡಿತದ ಯಾವ ಭಾಗವೂ ಎರಡನೆಯದರಲ್ಲಿ ಇರಬಾರದು. ದೊಡ್ಡ ಲೆನ್ಸ್, ಬ್ಯಾಟರಿ, ಮಾನಿಟರ್‌ಗೂ ಬೇರೆ ಬೇರೆ ವೈರ್ ಬೇಕು. ಕೇಜ್ ಉಳಿದು ಬ್ಯಾಟರಿ ಬಿದ್ದರೂ ಕೆಳಗಿನವರ ತಲೆ ಒಡೆಯುತ್ತದೆ.

ವೈರ್ ಗಿಡ್ಡವಾಗಿರಲಿ. ಇದಕ್ಕೆ ಸಣ್ಣ ಲೆಕ್ಕ ಇದೆ. ಮೂರು ಕೆ.ಜಿ. ಕ್ಯಾಮೆರಾ ಒಂದು ಮೀಟರ್ ಸಡಿಲ ವೈರ್‌ನಲ್ಲಿ ಬಿದ್ದು, ಎರಡು ಸೆಂ.ಮೀ. ಅಂತರದಲ್ಲಿ ಗಕ್ಕನೆ ನಿಂತರೆ ವೈರ್ ಮೇಲೆ ಸುಮಾರು 150 ಕೆ.ಜಿ. ಭಾರದಷ್ಟು ಎಳೆತ ಬೀಳುತ್ತದೆ. ಸಡಿಲ ಬರೀ ಹತ್ತು ಸೆಂ.ಮೀ. ಇದ್ದರೆ ಅದು 18 ಕೆ.ಜಿ. ಆಸುಪಾಸು. ಪ್ಲಾಸ್ಟಿಕ್ ಟೈ, ನೈಲಾನ್ ದಾರ ಇದಕ್ಕೆ ಲೆಕ್ಕಕ್ಕಿಲ್ಲ.

ಕಟ್ಟುವಾಗ ಮೊದಲು ವೈರ್, ಆಮೇಲೆ ಕ್ಲ್ಯಾಂಪ್. ಬಿಚ್ಚುವಾಗ ಕೊನೆಯಲ್ಲಿ ವೈರ್. ಕೆಳಗೆ ಯಾರೂ ಇಲ್ಲದಾಗ ಮಾತ್ರ ಎರಡೂ ಕೆಲಸ. ಏಣಿ ಹತ್ತುವವನ ಜೇಬಿನಲ್ಲಿ ಮೊಬೈಲ್, ಅಲೆನ್ ಕೀ ಸಡಿಲ ಇರಬಾರದು. ಕಾರ್ಡ್, ಬ್ಯಾಟರಿ ಬದಲಿಸಲು ನಡುವೆ ಏಣಿ ಹಾಕಬೇಕಾಗುವ ಕ್ಯಾಮೆರಾ ಮೇಲೆ ಕಟ್ಟುವುದೇ ತಪ್ಪು ಆಯ್ಕೆ. ಕರೆಂಟ್ ಲೈನ್ ಕೊಟ್ಟು, ಹಗುರವಾದ ಸಣ್ಣ ಕ್ಯಾಮೆರಾ ಹಾಕಿ. ಹನ್ನೊಂದು ಇಂಚಿನ ಅಗ್ಗದ ಮ್ಯಾಜಿಕ್ ಆರ್ಮ್ (ಬೇಕಾದ ಕಡೆ ಬಗ್ಗಿಸುವ ಕೀಲಿನ ತೋಳು) ಮಾನಿಟರ್‌ಗೆ ಇರಲಿ, ಜನರ ತಲೆಯ ಮೇಲಿನ ಕ್ಯಾಮೆರಾಗೆ ಬೇಡ.

5. ಜಿಬ್, ಗಿಂಬಲ್, ಜೀಪು

ಜಿಬ್‌ನಲ್ಲಿ (ಒಂದು ತುದಿಗೆ ಕ್ಯಾಮೆರಾ, ಇನ್ನೊಂದಕ್ಕೆ ತೂಕ ಹಾಕುವ ಉದ್ದ ತೋಳು) ಒಂದೇ ಒಂದು ನಿಯಮ ಮರೆಯಬಾರದು. ಹಾಕುವಾಗ ಮೊದಲು ಕ್ಯಾಮೆರಾ, ನಂತರ ಹಿಂದಿನ ತೂಕದ ಬಿಲ್ಲೆಗಳು. ತೆಗೆಯುವಾಗ ಮೊದಲು ಬಿಲ್ಲೆಗಳು, ನಂತರ ಕ್ಯಾಮೆರಾ. ಉಲ್ಟಾ ಮಾಡಿದರೆ ಹಿಂದಿನ ಭಾರಕ್ಕೆ ಮುಂದಿನ ತೋಳು ಮೇಲಕ್ಕೆ ಹಾರುತ್ತದೆ. ಎದುರು ನಿಂತವರ ಗಲ್ಲಕ್ಕೆ ಬೀಳುವ ಪೆಟ್ಟು ಸಾಮಾನ್ಯದ್ದಲ್ಲ. ಈ ಎರಡೂ ಹೊತ್ತಿನಲ್ಲಿ ಕ್ಯಾಮೆರಾ ಕಡೆಯ ತುದಿಯನ್ನು ಒಬ್ಬರು ಹಿಡಿದೇ ಇರಬೇಕು.

ಗಿಂಬಲ್‌ಗೆ (ಮೋಟಾರ್‌ನಿಂದ ಕ್ಯಾಮೆರಾ ಅಲುಗದಂತೆ ಹಿಡಿಯುವ ಸಾಧನ) ಬ್ಯಾಲೆನ್ಸ್ ಮಾಡುವಾಗ ಮೋಟಾರ್ ಆಫ್ ಇರಲಿ. ಲೆನ್ಸ್ ಬದಲಿಸಿದರೆ ಬ್ಯಾಲೆನ್ಸ್ ಮತ್ತೆ ಮಾಡಬೇಕು.

ಕಬಿನಿ, ಬಂಡೀಪುರದ ಸಫಾರಿ ವಾಹನದಲ್ಲಿ ಟ್ರೈಪಾಡ್ ನಿಲ್ಲಿಸಲು ಜಾಗ ಇಲ್ಲ, ಕ್ಲ್ಯಾಂಪ್ ಹಾಕಿದರೆ ಎಂಜಿನ್ ನಡುಕ ನೇರ ಲೆನ್ಸ್‌ಗೆ ಬರುತ್ತದೆ. ಅಲ್ಲಿಗೆ ಬೀನ್ ಬ್ಯಾಗೇ ಸರಿ. ಖಾಲಿ ಚೀಲ ಒಯ್ದು, ಊರು ತಲುಪಿದ ಮೇಲೆ ಅಕ್ಕಿಯೋ ರಾಗಿಯೋ ತುಂಬಿಸಿ. ಮುಕ್ಕಾಲು ಭಾಗ ತುಂಬಿದರೆ ಸಾಕು, ಲೆನ್ಸ್ ಅದರೊಳಗೆ ಹೂತು ಕೂರಬೇಕು. ಚೀಲಕ್ಕೆ ಪಟ್ಟಿ ಇರಲಿ, ಅದನ್ನು ಕಂಬಿಗೆ ಕಟ್ಟಿ. ಕ್ಯಾಮೆರಾ ಪಟ್ಟಿ ಕೊರಳಲ್ಲೇ ಇರಲಿ. ಜೀಪು ಹೊರಟ ಕೂಡಲೇ ಕ್ಯಾಮೆರಾ ಕಂಬಿಯಿಂದ ಇಳಿದು ತೊಡೆ ಮೇಲೆ ಬರಬೇಕು. ಲೆನ್ಸ್ ಕಂಬಿಯಿಂದ ಹೊರಗೆ ಚಾಚಿ ಕೂತವರಿಗೆ ಪಕ್ಕದ ಲಂಟಾನ ಪೊದೆ ಬುದ್ಧಿ ಕಲಿಸುತ್ತದೆ.

6. ನೀರು, ಕೆಸರು, ಧೂಳು, ಬೂಸ್ಟು

ಕಂಬಳದ ಕರೆಯ (ಕೋಣ ಓಡುವ ಕೆಸರುಗದ್ದೆ) ಪಕ್ಕ ನಿಂತವರಿಗೆ ಕೆಸರಿನ ಬಗ್ಗೆ ಹೇಳಬೇಕಾಗಿಲ್ಲ. ಕನೆಹಲಗೆ ವಿಭಾಗದಲ್ಲಂತೂ ನೀರು ಎಷ್ಟು ಎತ್ತರಕ್ಕೆ ಚಿಮ್ಮುತ್ತದೆ ಅನ್ನುವುದೇ ಸ್ಪರ್ಧೆ. ಮೇಲೆ ಕಟ್ಟಿದ ನಿಶಾನೆಗೆ ನೀರು ತಾಕಬೇಕು. ಅಂಥ ಕಡೆ "ವೆದರ್ ಸೀಲ್ಡ್" ಅನ್ನುವ ಮಾತು ನಂಬಿ ಕೂರಬೇಡಿ. ಅದು ತುಂತುರು ಮಳೆಗೆ, ಎರಚಿದ ಕೆಸರಿಗಲ್ಲ. ರೇನ್ ಕವರ್ ಹಾಕಿ, ಲೆನ್ಸ್ ಹುಡ್ ಹಾಕಿ, ಮುಂದೆ ಒಂದು ಸಾದಾ ಯುವಿ ಫಿಲ್ಟರ್ ಹಾಕಿ. ಫಿಲ್ಟರ್ ಬೇಕೋ ಬೇಡವೋ ಅಂತ ಜಗಳ ಆಡುವವರು ಒಮ್ಮೆ ಕಂಬಳಕ್ಕೆ ಬರಲಿ. ಓಟ ಮುಗಿಯುವ ಮಂಜೊಟ್ಟಿಯ ಕಡೆ ನಿಲ್ಲುವವರು ಕ್ಯಾಮೆರಾಗಿಂತ ಮೊದಲು ತಮ್ಮ ಓಡುವ ದಾರಿ ನೋಡಿಕೊಳ್ಳಬೇಕು. ಕೋಣಗಳು ನಿಮ್ಮ ಕಡೆಗೇ ಬರುತ್ತವೆ. ಅಲ್ಲಿ ಟ್ರೈಪಾಡ್ ಬೇಡ, ಒಂದೇ ಕಾಲಿನ ಮಾನೊಪಾಡ್ ಸಾಕು.

ಕೆಸರು ಸಿಡಿದರೆ ಕೂಡಲೇ ಒರೆಸಬೇಡಿ. ಅದರಲ್ಲಿರುವ ಮರಳು ಗಾಜನ್ನು ಗೀಚುತ್ತದೆ. ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೆತ್ತಗೆ ಒತ್ತಿ ತೆಗೆಯಿರಿ. ಸಮುದ್ರ ದಂಡೆಯಲ್ಲಿ ಶೂಟ್ ಮಾಡಿದ ದಿನ ಕ್ಯಾಮೆರಾ, ಟ್ರೈಪಾಡ್ ಎರಡನ್ನೂ ಹೀಗೇ ಒರೆಸಬೇಕು. ಉಪ್ಪು ಒಣಗಿದರೆ ಸ್ಕ್ರೂ ಮರೆಗಳಲ್ಲಿ ತುಕ್ಕು ಶುರು. ಟ್ರೈಪಾಡ್ ಕಾಲು ಬಿಚ್ಚಿ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ.

ಹಂಪಿಯ ಬೇಸಿಗೆ ಧೂಳಿನಲ್ಲಿ ಲೆನ್ಸ್ ಬದಲಿಸುವುದು ಬೇಡವೇ ಬೇಡ, ಎರಡು ಬಾಡಿ ಒಯ್ಯಿರಿ. ಬದಲಿಸಲೇಬೇಕಾದರೆ ಕಾರಿನೊಳಗೆ, ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಗೆ ಮಾಡಿ.

ಮಲೆನಾಡು, ಕರಾವಳಿಯವರಿಗೆ ಧೂಳಿಗಿಂತ ದೊಡ್ಡ ಶತ್ರು ಬೂಸ್ಟು. ಮಳೆಗಾಲದಲ್ಲಿ ಬ್ಯಾಗಿನೊಳಗೆ ವಾರಗಟ್ಟಲೆ ಇಟ್ಟ ಲೆನ್ಸ್ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು ಕಂಡರೆ ಅದೇ. ಡ್ರೈ ಕ್ಯಾಬಿನೆಟ್ ಕೊಳ್ಳಿ, ತೇವಾಂಶ ಶೇ. 40ರಿಂದ 50ರ ಒಳಗೆ ಇರಲಿ. ತೀರಾ ಕೆಳಗೆ ಇಳಿಸುವುದೂ ಒಳ್ಳೆಯದಲ್ಲ, ರಬ್ಬರ್ ಒಣಗುತ್ತದೆ. ಕ್ಯಾಬಿನೆಟ್‌ಗೆ ದುಡ್ಡಿಲ್ಲದಿದ್ದರೆ ಗಾಳಿಯಾಡದ ಮುಚ್ಚಳದ ಡಬ್ಬ, ಒಳಗೆ ಸಿಲಿಕಾ ಜೆಲ್, ಇನ್ನೂರು ಮುನ್ನೂರು ರೂಪಾಯಿಯ ತೇವಾಂಶ ಮೀಟರ್. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಬಹುದು. ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ. ಬ್ಯಾಗ್ ಪ್ರಯಾಣಕ್ಕೆ, ಲೆನ್ಸ್ ಇಡುವ ಜಾಗ ಅಲ್ಲ.

ಎ.ಸಿ. ರೂಮಿನಿಂದ ಮಂಗಳೂರಿನ ಸೆಕೆಗೆ ಬಂದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಒರೆಸಿದಷ್ಟೂ ಬರುತ್ತದೆ. ಹೊರಡುವ ಅರ್ಧ ಗಂಟೆ ಮೊದಲು ಜಿಪ್ ಮುಚ್ಚಿದ ಬ್ಯಾಗನ್ನೇ ಹೊರಗಿಡಿ. ಬ್ಯಾಗ್ ತೆರೆಯದೆ ಅದು ಹೊರಗಿನ ಬಿಸಿಗೆ ಹೊಂದಿಕೊಳ್ಳಲಿ.

ರಿಸೆಪ್ಷನ್‌ನಲ್ಲಿ ಡಿಜೆ ಲೇಸರ್ ಹಾಕುತ್ತಾರೆ ಅಂದರೆ ಮೊದಲೇ ಮಾತಾಡಿ, ಕಿರಣ ಕ್ಯಾಮೆರಾ ಕಡೆ ಬರದಂತೆ ತಿರುಗಿಸಲು ಹೇಳಿ. ನೇರ ಲೆನ್ಸ್‌ಗೆ ಬಿದ್ದರೆ ಕ್ಷಣದಲ್ಲಿ ಸೆನ್ಸರ್ ಮೇಲೆ ಗೆರೆ, ಚುಕ್ಕೆ ಉಳಿಯುತ್ತದೆ. ಅದಕ್ಕೆ ರಿಪೇರಿ ಇಲ್ಲ, ಸೆನ್ಸರ್ ಬದಲಿಸಬೇಕಷ್ಟೇ.

7. ಪ್ರಯಾಣ, ಬ್ಯಾಟರಿ

ಕಾರಿನ ಸೀಟಿನ ಮೇಲೆ ಬ್ಯಾಗ್ ಇಟ್ಟರೆ ಒಂದು ಬ್ರೇಕ್‌ಗೆ ಕೆಳಗೆ. ಸೀಟಿನ ಮುಂದೆ ಕಾಲಿಡುವ ಜಾಗವೇ ಸುರಕ್ಷಿತ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಬ್ಯಾಟರಿ ಬಿಡಬೇಡಿ.

ವಿಮಾನದಲ್ಲಿ ಬಿಡಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಹೋಗಬೇಕು, ಚೆಕ್-ಇನ್ ಮಾಡುವಂತಿಲ್ಲ. 100 ವ್ಯಾಟ್-ಅವರ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಒಳಗಿನವಕ್ಕೆ ಸಾಮಾನ್ಯವಾಗಿ ಏರ್‌ಲೈನ್ ಒಪ್ಪಿಗೆ ಬೇಡ. 100ರಿಂದ 160ರವರೆಗಿನವಕ್ಕೆ ಒಪ್ಪಿಗೆ ಬೇಕು, ಅದೂ ಎರಡೇ. ಮಾರುಕಟ್ಟೆಯಲ್ಲಿ 98, 99ರ ವಿ-ಮೌಂಟ್ ಅಷ್ಟೊಂದು ಸಿಗುವುದು ಇದಕ್ಕೇ. ತುದಿಗಳಿಗೆ ಟೇಪ್ ಹಚ್ಚಿ.

8. ಕಾಗದಪತ್ರ

ಬೇಜಾರಿನ ಕೆಲಸ, ಆದರೂ ಒಂದು ಸಂಜೆ ಕೂತು ಮುಗಿಸಿ. ಪ್ರತಿ ಬಾಡಿ, ಲೆನ್ಸ್‌ನ ಸೀರಿಯಲ್ ನಂಬರ್, ಬಿಲ್, ಫೋಟೋ ಒಂದೇ ಫೋಲ್ಡರ್‌ನಲ್ಲಿ, ಅದರ ಇನ್ನೊಂದು ಪ್ರತಿ ಮನೆಯವರ ಹತ್ತಿರ.

ಇನ್ಶೂರೆನ್ಸ್ ಕೊಳ್ಳುವಾಗ ಪ್ರೀಮಿಯಂಗಿಂತ ಮೊದಲು ಇವನ್ನು ಕೇಳಿ: ಕೈಜಾರಿ ಬಿದ್ದರೆ ಕೊಡುತ್ತೀರಾ? ನಿಲ್ಲಿಸಿದ ಕಾರಿನಿಂದ ಕದ್ದರೆ? ಬಾಡಿಗೆಗೆ ಕೊಟ್ಟಾಗ? ದುಡಿಮೆಗೆ ಬಳಸುವಾಗ? ಬರುವ ಉತ್ತರ ಬರವಣಿಗೆಯಲ್ಲಿ ಇರಲಿ. ಬಾಡಿಗೆಗೆ ತಂದ ಕ್ಯಾಮೆರಾ ಆದರೆ ಮಾಲೀಕರ ಪಾಲಿಸಿ ನಿಮ್ಮ ಕೈಯಲ್ಲಿದ್ದಾಗಲೂ ನಡೆಯುತ್ತದೆ ಅಂತ ಅಂದುಕೊಳ್ಳಬೇಡಿ, ಕೇಳಿ. ತರುವಾಗ ನಾಲ್ಕೂ ಕಡೆಯಿಂದ ವಿಡಿಯೋ ಮಾಡಿಕೊಳ್ಳಿ.

ಕಳವಾದರೆ ಯಾವ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಹಾಗೆ ಹೇಳುತ್ತದೆ. ಆನ್‌ಲೈನ್‌ನಲ್ಲಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ದೂರಿನಲ್ಲಿ ಸೀರಿಯಲ್ ನಂಬರ್ ಬರೆಸಿ.

9. ಬಿದ್ದೇ ಬಿಟ್ಟರೆ

ಆನ್ ಮಾಡಿ ನೋಡುವ ಆಸೆ ತಡೆದುಕೊಳ್ಳಿ. ಮೊದಲು ಬ್ಯಾಟರಿ, ಆಮೇಲೆ ಕಾರ್ಡ್ ತೆಗೆಯಿರಿ. ನೀರಿಗೆ ಬಿದ್ದಿದ್ದರೆ ಅಲ್ಲಿಗೇ ನಿಲ್ಲಿಸಿ ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಒಣಗುತ್ತದೆ ಅನ್ನುವುದು ಸುಳ್ಳು, ಹಿಟ್ಟಿನ ಪುಡಿ ಒಳಗೆ ಹೋಗುವುದು ಮಾತ್ರ ನಿಜ.

ಒಣ ನೆಲಕ್ಕೆ ಬಿದ್ದಿದ್ದರೆ ಇದ್ದ ಹಾಗೇ ಫೋಟೋ ತೆಗೆದುಕೊಳ್ಳಿ, ಕ್ಲೇಮ್‌ಗೆ ಬೇಕು. ಲೆನ್ಸ್ ಬಿಚ್ಚಿ ಮೌಂಟ್‌ನ ಉಂಗುರ ಬಾಗಿದೆಯೇ, ಸ್ಕ್ರೂ ಎದ್ದಿದೆಯೇ ನೋಡಿ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಓರೆ ಮಾಡಿ. ಸ್ಟೆಬಿಲೈಸರ್ (ಕೈ ನಡುಕ ತಡೆಯುವ ವ್ಯವಸ್ಥೆ) ಇರುವವು ಆಫ್ ಇದ್ದಾಗ ಚೂರು ಸದ್ದು ಮಾಡುತ್ತವೆ, ಬಿಡಿ ತುಂಡು ಉರುಳುವ ಸದ್ದು ಬೇರೆ. ಎಲ್ಲ ಸರಿ ಕಂಡರೆ ಇಟ್ಟಿಗೆ ಗೋಡೆಗೆ ನೇರ ನಿಂತು, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೋ ತೆಗೆಯಿರಿ. ನಾಲ್ಕು ಮೂಲೆಗಳಲ್ಲಿ ಒಂದು ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ.

ಎರಡನೇ ಕ್ಯಾಮೆರಾವನ್ನು ಅದೇ ಟ್ರೈಪಾಡ್‌ಗೆ ಹಾಕುವ ಮೊದಲು ಪ್ಲೇಟ್, ಕ್ಲ್ಯಾಂಪ್, ಕಾಲಿನ ಲಾಕ್ ಮೂರನ್ನೂ ನೋಡಿ. ಮೊದಲನೆಯದು ಯಾಕೆ ಬಿತ್ತು ಅಂತ ಗೊತ್ತಾಗುವವರೆಗೆ ಎರಡನೆಯದು ಕೈಯಲ್ಲೇ ಇರಲಿ.